ತಲೆ ಬಿಡಿ, ಪೆಟ್ಟಿಗೆ ತಗೊಳ್ಳಿ

ಡೇಟಾ ಸೆಂಟರ್‌ನವರು ಬಳಸಿ ಬಿಟ್ಟ ಸ್ಟೋರೇಜ್ ಸಾಮಾನು ಕೊಳ್ಳಲಾ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ. ಕಂಟ್ರೋಲರ್ ಬೇಡ, ಡಿಸ್ಕ್ ಶೆಲ್ಫ್ ಮಾತ್ರ ತಗೊಳ್ಳಿ. ಬುದ್ಧಿ ಇರುವ ಭಾಗ ಬೇಗ ಮುದಿಯಾಗುತ್ತದೆ. ಬುದ್ಧಿ ಇಲ್ಲದ ಭಾಗ ಸುಮ್ನೆ ದುಡಿಯುತ್ತಲೇ ಇರುತ್ತದೆ.

ಇಂಥ ಸಿಸ್ಟಮ್‌ನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಪೆಟ್ಟಿಗೆ ಇರುತ್ತವೆ. ಒಂದು ಕಂಟ್ರೋಲರ್. ಈ ಕೆಲಸದವರು ಅದನ್ನು ಹೆಡ್ ಅನ್ನುತ್ತಾರೆ. ಪ್ರೊಸೆಸರ್, ಮೆಮೊರಿ, ಕಂಪನಿಯದೇ ಆಪರೇಟಿಂಗ್ ಸಿಸ್ಟಮ್ ಎಲ್ಲ ಅದರೊಳಗೆ. ಹಳೆಯ ಹೆಡ್ ಕೈಗೆ ಬಂತು ಅಂದುಕೊಳ್ಳಿ. ಜೊತೆಗೆ ಏನು ಬರುತ್ತದೆ? ಯಾರಿಗೂ ನೆನಪಿಲ್ಲದ ಪಾಸ್‌ವರ್ಡ್, ಹಿಂದಿನ ಮಾಲೀಕರ ಹೆಸರಿನಲ್ಲಿರುವ ಲೈಸೆನ್ಸ್, ಸಪೋರ್ಟ್ ಕರಾರು ಇಲ್ಲದೆ ಸಿಗದ ಅಪ್‌ಡೇಟ್. ಎಷ್ಟೋ ಹೆಡ್‌ಗಳು ಹೊರಗಿನ ಡಿಸ್ಕ್ ಹಾಕಿದರೆ ಒಪ್ಪುವುದೂ ಇಲ್ಲ.

ಇನ್ನೊಂದು ಡಿಸ್ಕ್ ಶೆಲ್ಫ್. ಅದರಲ್ಲಿ ಇರುವುದು ಪವರ್ ಸಪ್ಲೈ, ಫ್ಯಾನ್, ಡಿಸ್ಕ್‌ಗಳನ್ನು ಚುಚ್ಚುವ ಬ್ಯಾಕ್‌ಪ್ಲೇನ್, ಹಿಂದುಗಡೆ ಕೇಬಲ್ ಹಾಕಲು ಎರಡು ಮಾಡ್ಯೂಲ್, ಅಷ್ಟೇ. ಲೈಸೆನ್ಸ್ ಕೇಳಲು ಅದಕ್ಕೆ ಬಾಯೇ ಇಲ್ಲ. ಸರ್ವರ್ ಡಿಸ್ಕ್‌ಗಳು ಆಡುವ ಸ್ಯಾಸ್ ಭಾಷೆ ಬಲ್ಲ ಯಾವ ಲಿನಕ್ಸ್ ಯಂತ್ರಕ್ಕೆ ಸಿಕ್ಕಿಸಿದರೂ ಡಿಸ್ಕ್‌ಗಳನ್ನು ಸಾಲಾಗಿ ತೋರಿಸುತ್ತದೆ.

ನಾನು ತಂದಿದ್ದು ನೆಟ್‌ಆ್ಯಪ್ ಡಿಎಸ್4246. ಹೆಸರಿನಲ್ಲೇ ಜಾತಕ ಇದೆ: ಡಿಸ್ಕ್ ಶೆಲ್ಫ್, ನಾಲ್ಕು ಯೂನಿಟ್ ಎತ್ತರ, 24 ಡಿಸ್ಕ್, 6 ಗಿಗಾಬಿಟ್. ಇದರ ಅಣ್ಣ ಡಿಎಸ್4243. ಪೆಟ್ಟಿಗೆ ಅದೇ, ಹಿಂದಿನ ಮಾಡ್ಯೂಲ್ ಮಾತ್ರ 3 ಗಿಗಾಬಿಟ್‌ನದು. ಐಒಎಂ3 ಅನ್ನುವ ಆ ಮಾಡ್ಯೂಲ್ ತೆಗೆದು 6 ಗಿಗಾಬಿಟ್‌ನ ಐಒಎಂ6 ಹಾಕಿದರೆ 4243 ಹೋಗಿ 4246 ಆಗುತ್ತದೆ. ಆದರೆ ನನ್ನ ಕೇಳಿದರೆ ಮನೆಯಲ್ಲಿ ಬಳಸುವವರಿಗೆ ಐಒಎಂ3 ಕೂಡ ಸಾಕು. ಒಂದು ಪೋರ್ಟ್‌ನಲ್ಲಿ ನಾಲ್ಕು ಲೇನ್, ತಲಾ 3 ಗಿಗಾಬಿಟ್. ಎಲ್ಲ ಕಳೆದರೂ ಸೆಕೆಂಡಿಗೆ ಒಂದು ಗಿಗಾಬೈಟ್‌ಗೂ ಜಾಸ್ತಿ. ನಿಮ್ಮ ಸಾಮಾನ್ಯ ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಹೊರಗೆ ಹೋಗುವುದೇ 110 ಮೆಗಾಬೈಟ್ ಆಸುಪಾಸು. ಉಳಿದ ವೇಗ ಯಾರಿಗೆ ಬೇಕು? ಡಿಸ್ಕ್ ಚೆಕ್ ಮಾಡುವಾಗ, ಹಾಳಾದದ್ದನ್ನು ಬದಲಿಸಿ ರೀಬಿಲ್ಡ್ ಮಾಡುವಾಗ 6 ಗಿಗಾಬಿಟ್ ಇದ್ದರೆ ಒಳ್ಳೆಯದು, ಅಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಲೆಕ್ಕ ಹಾಕಿ ನೋಡಿದರೆ ಇದು ಎಲ್ಲರಿಗೂ ಆಗುವ ಸಾಮಾನಲ್ಲ. ನಾನು ತುಂಬಿದ್ದು 4 ಟೆರಾಬೈಟ್‌ನ 12 ಸ್ಯಾಸ್ ಡಿಸ್ಕ್. ಒಟ್ಟು 48, ರಕ್ಷಣೆಗೆ ಹೋದದ್ದು ಕಳೆದರೆ 32. ಇಷ್ಟೇ ಜಾಗ ಬೇಕಿದ್ದರೆ ಈಗಿನ 20 ಟೆರಾಬೈಟ್ ಡಿಸ್ಕ್ ನಾಲ್ಕು ತಂದು ಸಣ್ಣ ಯಂತ್ರದಲ್ಲಿ ಇಟ್ಟುಕೊಳ್ಳುವುದೇ ಜಾಣತನ. ತಿರುಗುತ್ತಿರುವ ಒಂದೊಂದು ಡಿಸ್ಕ್ ಏಳೆಂಟು ವ್ಯಾಟ್ ತಿನ್ನುತ್ತದೆ. 12 ಡಿಸ್ಕ್, ಶೆಲ್ಫ್‌ನ ಫ್ಯಾನ್ ಸೇರಿದರೆ 100 ವ್ಯಾಟ್ ದಾಟುವುದು ಗ್ಯಾರಂಟಿ, ಅದೂ ಹಗಲೂ ರಾತ್ರಿ. ಜಾಗ ಬೆಳೆಯುತ್ತಾ ಹೋಗುತ್ತದೆ, ಒಂದೊಂದೇ ಡಿಸ್ಕ್ ಸೇರಿಸುತ್ತಾ ಹೋಗಬೇಕು, ಜೊತೆಗೆ ಇದನ್ನೆಲ್ಲ ಬಿಚ್ಚಿ ಕಟ್ಟುವುದರಲ್ಲಿ ಮಜಾ ಇದೆ ಅನ್ನುವವರು ಮುಂದೆ ಓದಿ.

ಭಾರದ ವಿಷಯ. ಡಿಸ್ಕ್ ತುಂಬಿದ ಈ ಶೆಲ್ಫ್ 50 ಕಿಲೋ ಹತ್ತಿರ ತೂಗುತ್ತದೆ. ಹೆಗಲ ಬಲ ತೋರಿಸಲು ಹೋಗಬೇಡಿ. ಮೊದಲು ಡಿಸ್ಕ್‌ಗಳನ್ನೆಲ್ಲ ಹೊರಗೆ ತೆಗೆಯಿರಿ, ಆಮೇಲೆ ಪವರ್ ಸಪ್ಲೈ, ಆಮೇಲೆ ಇಬ್ಬರು ಸೇರಿ ಖಾಲಿ ಪೆಟ್ಟಿಗೆ ಎತ್ತಿ. ತೆಗೆಯುವಾಗಲೇ ಯಾವ ಟ್ರೇಯಲ್ಲಿ ಯಾವ ಸೀರಿಯಲ್ ನಂಬರ್ ಇದೆ ಅಂತ ಬರೆದಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ. ಗೋಡೆಗೆ ಹಾಕುವ ನೆಟ್‌ವರ್ಕ್ ರ‍್ಯಾಕ್‌ನಲ್ಲಿ ಇದು ಕೂರುವುದಿಲ್ಲ, ಆಳ ಸಾಲದು. ನಾನು ರ‍್ಯಾಕ್ ತರುವ ಗೋಜಿಗೇ ಹೋಗಲಿಲ್ಲ. ಗಟ್ಟಿ ಮರದ ಪೀಠ ಮಾಡಿಸಿ ನೆಲದ ಹತ್ತಿರವೇ ಇಟ್ಟಿದ್ದೇನೆ. ಮುಂದೆ ಹಿಂದೆ ಗಾಳಿ ಆಡಲು ಜಾಗ ಬಿಟ್ಟರೆ ಆಯಿತು.

ನನಗೆ ಸಿಕ್ಕ ಟ್ರೇಗಳ ಮೇಲೆ ಹಿಂದಿನವರ ಚೀಟಿಗಳು ಹಾಗೇ ಇದ್ದವು. ಒಂದರ ಮೇಲೆ ಮಾರ್ಕರ್‌ನಲ್ಲಿ ‘ಸ್ಪೇರ್, ಮುಟ್ಟಬೇಡಿ’ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಕೆಳಗೆ ಇನ್ನೊಬ್ಬರ ಕೈಬರಹದಲ್ಲಿ ‘ಮುಟ್ಟಿದೆ’. ಆ ಚೀಟಿ ಕಿತ್ತು ಹಾಕಲು ಮನಸ್ಸಾಗಲಿಲ್ಲ, ಈಗಲೂ ಇದೆ.

ಪವರ್ ಸಪ್ಲೈಗೆ ನಾಲ್ಕು ಗೂಡು ಇರುತ್ತವೆ. ಎರಡರಲ್ಲಿ ಮಾತ್ರ ಸಪ್ಲೈ ಇದ್ದು ಉಳಿದೆರಡಕ್ಕೆ ಮುಚ್ಚಳ ಹಾಕಿದ್ದರೆ ಮೋಸ ಹೋದೆ ಅಂದುಕೊಳ್ಳಬೇಡಿ. 7,200 ಆರ್‌ಪಿಎಂ ಡಿಸ್ಕ್ ಹಾಕುವ ಶೆಲ್ಫ್ ಎರಡು ಸಪ್ಲೈಯಲ್ಲೇ ಬರುತ್ತದೆ. 15,000 ಆರ್‌ಪಿಎಂ ಡಿಸ್ಕ್ ಇದ್ದದ್ದಕ್ಕೆ ನಾಲ್ಕು ಬೇಕಿತ್ತು. ಆದರೆ ಆ ಮುಚ್ಚಳಗಳನ್ನು ತೆಗೆದು ಎಸೆಯಬೇಡಿ. ಫ್ಯಾನ್ ಇರುವುದು ಸಪ್ಲೈ ಒಳಗೇ. ಗೂಡು ತೆರೆದಿದ್ದರೆ ಗಾಳಿ ಅಲ್ಲಿಂದಲೇ ಸುತ್ತಿ ಬರುತ್ತದೆ, ಡಿಸ್ಕ್‌ಗಳ ನಡುವೆ ಹಾಯುವುದಿಲ್ಲ. ಮುಂದಿನ ಖಾಲಿ ಡಿಸ್ಕ್ ಗೂಡುಗಳಿಗೂ ಇದೇ ನಿಯಮ.

ಸ್ವಿಚ್ ಹಾಕಿದ ಕೂಡಲೇ ಫ್ಯಾನ್‌ಗಳು ಪೂರ್ತಿ ವೇಗದಲ್ಲಿ ಕಿರುಚುತ್ತವೆ. ಪಕ್ಕದ ಕೋಣೆಯಿಂದ ಹೆಂಡತಿ ಬಂದು ಬಾಗಿಲಲ್ಲಿ ನಿಂತು, ‘ಇದು ದಿನಾ ಹೀಗೇ ಕೂಗುತ್ತಾ?’ ಅಂದಳು. ಇಲ್ಲ ಅಂದೆ. ಸ್ವಲ್ಪ ಹೊತ್ತಿಗೆ ಇಳಿಯಿತು. ಇಳಿದ ಮೇಲೂ ಮಲಗುವ ಕೋಣೆಯಲ್ಲಿ ಇಡುವ ಸದ್ದಲ್ಲ. ಫ್ಯಾನ್ ಕಿತ್ತು ಸದ್ದಿಲ್ಲದ ಫ್ಯಾನ್ ಜೋಡಿಸುವವರೂ ಇದ್ದಾರೆ. ನಾನು ಮಾಡಿಲ್ಲ, ಮಾಡುವುದೂ ಇಲ್ಲ. 24 ಡಿಸ್ಕ್ ಒತ್ತೊತ್ತಾಗಿ ಕೂತ ಪೆಟ್ಟಿಗೆಗೆ ಅಷ್ಟು ಗಾಳಿ ಸುಮ್ನೆ ಇಟ್ಟಿಲ್ಲ.

ಈಗ ಯಂತ್ರದ ಕಡೆ. ಶೆಲ್ಫ್‌ಗೆ ಸಿಕ್ಕಿಸಲು ಹೊರಗೆ ಪೋರ್ಟ್ ಇರುವ ಎಚ್‌ಬಿಎ ಕಾರ್ಡ್ ಬೇಕು. ಡಿಸ್ಕ್‌ಗಳನ್ನು ತಾನೇ ಸೇರಿಸಿ ಒಂದಾಗಿ ತೋರಿಸುವ ರೇಡ್ ಕಾರ್ಡ್ ಅಲ್ಲ. ಡಿಸ್ಕ್‌ಗಳನ್ನು ಇದ್ದದ್ದು ಇದ್ದ ಹಾಗೆ ಯಂತ್ರಕ್ಕೆ ಒಪ್ಪಿಸುವ ಕಾರ್ಡ್. ಎಲ್‌ಎಸ್‌ಐ 9200-8ಇ ಅಥವಾ 9207-8ಇ ಸಾಕು. ಮೊದಲನೆಯದು ಪಿಸಿಐ ಎಕ್ಸ್‌ಪ್ರೆಸ್ 2, ಎರಡನೆಯದು 3. ಎಲ್‌ಎಸ್‌ಐಯನ್ನು 2014ರಲ್ಲಿ ಅವಾಗೋ ಕೊಂಡಿತು, ಆಮೇಲೆ ಅವಾಗೋ ತಾನೇ ಬ್ರಾಡ್‌ಕಾಮ್ ಆಯಿತು. ಹಾಗಾಗಿ ಕಾರ್ಡ್ ಮೇಲೆ ಒಂದು ಹೆಸರು, ಫರ್ಮ್‌ವೇರ್ (ಕಾರ್ಡ್ ಒಳಗಿನ ಸಾಫ್ಟ್‌ವೇರ್) ಇಳಿಸುವ ಜಾಗದಲ್ಲಿ ಇನ್ನೊಂದು ಹೆಸರು ಕಂಡರೆ ಗಾಬರಿ ಬೇಡ. ಫರ್ಮ್‌ವೇರ್ ಡಿಸ್ಕ್‌ಗಳನ್ನು ನೇರ ಒಪ್ಪಿಸುವ ಐಟಿ ಬಗೆಯದು ಇರಬೇಕು, ರೇಡ್ ಮಾಡುವ ಐಆರ್ ಅಲ್ಲ. ಆವೃತ್ತಿ 20.00.07.00 ಹಾಕಿಕೊಳ್ಳಿ. ಕಾರ್ಡ್‌ನ ಬೂಟ್ ರೋಮ್ ತೆಗೆದುಬಿಟ್ಟರೆ ಯಂತ್ರ ಬೇಗ ಏಳುತ್ತದೆ. ಶೆಲ್ಫ್‌ನಿಂದ ಬೂಟ್ ಮಾಡುವುದಿಲ್ಲವಲ್ಲ, ಅದರಿಂದ ನಷ್ಟವಿಲ್ಲ.

ಈ ಕಾರ್ಡ್‌ಗಳು ಸರ್ವರ್ ಒಳಗಿನ ಬಿರುಗಾಳಿಗೆ ಅಂತ ಮಾಡಿದವು. ಸಾಮಾನ್ಯ ಕ್ಯಾಬಿನೆಟ್‌ನಲ್ಲಿ ಹಾಕಿದರೆ ಅದರ ಹೀಟ್‌ಸಿಂಕ್ ಮೇಲೆ ಬೆರಳು ಇಡಲಾಗುವುದಿಲ್ಲ. ಒಂದು ಸಣ್ಣ ಫ್ಯಾನ್ ಅದರ ಕಡೆ ತಿರುಗಿಸಿ ಕಟ್ಟಿ. ಕಾರ್ಡ್ ಕಾದಾಗ ಬರುವ ತಪ್ಪುಗಳು ಡಿಸ್ಕ್ ಹಾಳಾದಂತೆಯೇ ಕಾಣುತ್ತವೆ. ಆಮೇಲೆ ಒಳ್ಳೆಯ ಡಿಸ್ಕ್‌ಗಳನ್ನು ಬೈದುಕೊಂಡು ಕೂರುತ್ತೀರಿ.

ಕೇಬಲ್ ವಿಷಯದಲ್ಲಿ ಸ್ವಲ್ಪ ಹುಷಾರು. ಶೆಲ್ಫ್ ಕಡೆ ಕ್ಯೂಎಸ್‌ಎಫ್‌ಪಿ ತುದಿ, ಕಾರ್ಡ್ ಕಡೆ ಎಸ್‌ಎಫ್‌ಎಫ್-8088 ತುದಿ. ಈ ಜೋಡಿ ಬೇರೆ ಕಡೆ ಕಾಣಸಿಗುವುದು ಕಮ್ಮಿ, ಆದ್ದರಿಂದ ಶೆಲ್ಫ್ ಕೊಳ್ಳುವಾಗಲೇ ಕೇಳಿ ತೆಗೆದುಕೊಳ್ಳಿ. ಮಾಡ್ಯೂಲ್ ಮೇಲೆ ಪೋರ್ಟ್‌ಗಳ ಪಕ್ಕ ಚೌಕ ಮತ್ತು ವೃತ್ತದ ಗುರುತು ಇರುತ್ತವೆ. ಯಂತ್ರದಿಂದ ಬರುವ ಕೇಬಲ್ ಚೌಕಕ್ಕೆ. ವೃತ್ತ ಮುಂದಿನ ಶೆಲ್ಫ್‌ಗೆ ಹೋಗಲು. ಶೆಲ್ಫ್ ಮೊದಲು ಆನ್ ಮಾಡಿ, ಡಿಸ್ಕ್‌ಗಳೆಲ್ಲ ತಿರುಗಲಿ, ಆಮೇಲೆ ಯಂತ್ರ.

ಇನ್ನು ಇದರ ಅಸಲಿ ಕಥೆ. ಎಲ್ಲ ಜೋಡಿಸಿ, ಡಿಸ್ಕ್‌ಗಳ ಪಟ್ಟಿ ಕೇಳಿದರೆ ಹನ್ನೆರಡೂ ಬಂದವು. ಹೆಸರು ಇದೆ, ಸೀರಿಯಲ್ ಇದೆ, ಗಾತ್ರ ಮಾತ್ರ ಸೊನ್ನೆ. ಕರ್ನಲ್ ಲಾಗ್ ತೆರೆದರೆ ಪ್ರತಿ ಡಿಸ್ಕ್‌ಗೂ ಒಂದೊಂದು ಸಾಲು: 520ರ ಸೆಕ್ಟರ್ ಗಾತ್ರ ನನಗೆ ಆಗದು. ಇಲ್ಲಿಗೆ ಎಷ್ಟೋ ಜನ ‘ಡಿಸ್ಕ್ ಸತ್ತಿದೆ’ ಅಂತ ವಾಪಸ್ ಕಳಿಸುತ್ತಾರೆ. ಸತ್ತಿರುವುದಿಲ್ಲ. ಡಿಸ್ಕ್ ಡೇಟಾ ಇಡುವುದು ಸೆಕ್ಟರ್ ಅನ್ನುವ ಸಣ್ಣ ತುಂಡುಗಳಲ್ಲಿ. ನಾವು ಬಳಸುವ ಡಿಸ್ಕ್‌ನ ಒಂದು ಸೆಕ್ಟರ್ 512 ಬೈಟ್. ಇಂಥ ಸ್ಟೋರೇಜ್‌ನಲ್ಲಿ ಪ್ರತಿ ಸೆಕ್ಟರ್‌ಗೂ ಎಂಟು ಬೈಟ್ ಜಾಸ್ತಿ ಇಟ್ಟುಕೊಳ್ಳುತ್ತಾರೆ. ಎಂಟು ಸೆಕ್ಟರ್ ಸೇರಿದರೆ 4,160 ಬೈಟ್. ಅದರಲ್ಲಿ 4,096 ಡೇಟಾ, ಉಳಿದ 64 ಚೆಕ್‌ಸಮ್. ಬರೆದದ್ದೇ ಓದಿದೆವಾ ಅಂತ ಹೆಡ್ ಆ 64 ಬೈಟ್ ನೋಡಿ ತಿಳಿಯುತ್ತಿತ್ತು. ಜಾಣ ಏರ್ಪಾಡೇ. ಆದರೆ ತಲೆ ನಮ್ಮ ಹತ್ತಿರ ಇಲ್ಲವಲ್ಲ.

ಹಾಗಾಗಿ ಡಿಸ್ಕ್‌ನ್ನೇ 512ಕ್ಕೆ ಮರಳಿ ಫಾರ್ಮ್ಯಾಟ್ ಮಾಡಬೇಕು. ಎಸ್‌ಜಿ3 ಯುಟಿಲ್ಸ್ ಅನ್ನುವ ಪ್ಯಾಕೇಜ್‌ನಲ್ಲಿ ‘ಎಸ್‌ಜಿ ಫಾರ್ಮ್ಯಾಟ್’ ಅನ್ನುವ ಕಮಾಂಡ್ ಇದೆ. ಗಾತ್ರ 512 ಅಂತ ಕೊಟ್ಟು ಎಂಟರ್ ಹೊಡೆದರೆ ಕೆಲವು ಸೆಕೆಂಡ್ ಎಚ್ಚರಿಕೆ ಕೊಟ್ಟು ಶುರು ಮಾಡುತ್ತದೆ. ಆ ಸೆಕೆಂಡ್‌ಗಳನ್ನು ಬಳಸಿಕೊಳ್ಳಿ. ಸಾಧನದ ನಂಬರ್‌ಗಳಲ್ಲಿ ನಿಮ್ಮ ಬೂಟ್ ಡಿಸ್ಕ್ ಕೂಡ ಸೇರಿರುತ್ತದೆ! ಸೀರಿಯಲ್ ನಂಬರ್ ಓದಿ, ಬರೆದಿಟ್ಟ ಪಟ್ಟಿಯ ಜೊತೆ ತಾಳೆ ನೋಡಿಯೇ ಮುಂದೆ ಹೋಗಿ.

ಕೆಲಸ ನಡೆಯುವುದು ಡಿಸ್ಕ್‌ನ ಒಳಗೇ. ಯಂತ್ರದ ಮೇಲೆ ಭಾರವಿಲ್ಲ, ಆದ್ದರಿಂದ ಹನ್ನೆರಡನ್ನೂ ಒಟ್ಟಿಗೆ ಬಿಡಬಹುದು. ಹನ್ನೆರಡು ಕಿಟಕಿ ತೆರೆದು, ಪ್ರತಿಯೊಂದರಲ್ಲೂ ಶೇಕಡಾ ಎಷ್ಟು ಅಂತ ನಿಮಿಷಕ್ಕೊಮ್ಮೆ ಸರಿಯುವುದನ್ನು ನೋಡಿದೆ. 4 ಟೆರಾಬೈಟ್‌ಗೆ ತುಂಬ ಹೊತ್ತು ಹಿಡಿಯುತ್ತದೆ. ಸಂಜೆ ಬಿಟ್ಟು ಮಲಗುವುದು ವಾಸಿ. ನಡುವೆ ಕರೆಂಟ್ ಹೋದರೆ ಡಿಸ್ಕ್ ‘ಫಾರ್ಮ್ಯಾಟ್ ಕೆಟ್ಟಿದೆ’ ಅಂತ ಹಟ ಹಿಡಿದು ಕೂರುತ್ತದೆ, ಏನೂ ಓದಲು ಬರೆಯಲು ಬಿಡುವುದಿಲ್ಲ. ಸಾಮಾನ್ಯವಾಗಿ ಮತ್ತೆ ಮೊದಲಿಂದ ಫಾರ್ಮ್ಯಾಟ್ ಮಾಡಿದರೆ ದಾರಿಗೆ ಬರುತ್ತದೆ. ಆದರೂ ಯುಪಿಎಸ್ ಇಟ್ಟುಕೊಳ್ಳಿ, ಯಾಕೆ ತಲೆನೋವು.

ಕೆಲವು ಡಿಸ್ಕ್‌ಗಳಲ್ಲಿ ಪ್ರೊಟೆಕ್ಷನ್ ಇನ್ಫರ್ಮೇಶನ್ ಅನ್ನುವ ಇನ್ನೊಂದು ಏರ್ಪಾಡು ಆನ್ ಆಗಿರುತ್ತದೆ. ಸೆಕ್ಟರ್ 512 ಅಂತಲೇ ತೋರಿಸುತ್ತದೆ, ಆದರೂ ಲಿನಕ್ಸ್ ಜೊತೆ ಸರಿಹೊಂದದೆ ಕಾಡಬಹುದು. ಫಾರ್ಮ್ಯಾಟ್ ಮಾಡುವಾಗ ಎಫ್‌ಎಂಟಿ ಪಿಇನ್ಫೋ ಆಯ್ಕೆಗೆ ಸೊನ್ನೆ ಕೊಟ್ಟರೆ ಅದೂ ಹೋಗುತ್ತದೆ. ಮುಗಿದ ಮೇಲೆ ‘ಎಸ್‌ಜಿ ರೀಡ್‌ಕ್ಯಾಪ್’ ಓಡಿಸಿ, ಬ್ಲಾಕ್ ಉದ್ದ 512, ಪ್ರೊಟೆಕ್ಷನ್ ಸೊನ್ನೆ ಎರಡೂ ಕಣ್ಣಾರೆ ನೋಡಿ. ಅಂದಹಾಗೆ, ಈ ಫಾರ್ಮ್ಯಾಟ್‌ನಿಂದ ಹಿಂದಿನ ಮಾಲೀಕರ ಡೇಟಾ ಕೂಡ ಅಳಿಯುತ್ತದೆ. ಅದಕ್ಕೂ ಮೊದಲು ಒಳಗೆ ಏನಿದೆ ಅಂತ ಇಣುಕುವ ಚಟ ಬೇಡ. ನಮ್ಮದಲ್ಲ ಅದು.

ಡಿಸ್ಕ್‌ನ ಆರೋಗ್ಯ ನೋಡುವುದು ಇನ್ನೊಂದು ಕಲೆ. ಮನೆಯ ಕಂಪ್ಯೂಟರ್‌ಗಳ ಸಾಟಾ ಡಿಸ್ಕ್ ನೋಡಿ ಅಭ್ಯಾಸ ಇರುವವರಿಗೆ ಸ್ಯಾಸ್ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿ ಬೇರೆ ಊರಿನ ಹಾಗೆ ಕಾಣುತ್ತದೆ. ರೀಅಲೊಕೇಟೆಡ್ ಸೆಕ್ಟರ್ ಅನ್ನುವ ಸಾಲೇ ಇರುವುದಿಲ್ಲ. ಬದಲಿಗೆ ‘ಗ್ರೋನ್ ಡಿಫೆಕ್ಟ್ ಲಿಸ್ಟ್’ ಅಂತ ಒಂದು ಅಂಕಿ. ಕಾರ್ಖಾನೆಯಿಂದ ಬಂದ ಮೇಲೆ ಕೆಟ್ಟು ಬದಲಿಸಿದ ಜಾಗಗಳ ಲೆಕ್ಕ ಅದು. ಅದರ ಕೆಳಗೆ ಓದು, ಬರಹ, ವೆರಿಫೈ ಮೂರು ಸಾಲಿನ ಕೋಷ್ಟಕ. ಸರಿಪಡಿಸಿದ ತಪ್ಪುಗಳ ಅಂಕಿ ಕೋಟಿಗಟ್ಟಲೆ ಇದ್ದರೂ ಎದೆ ಒಡೆದುಕೊಳ್ಳಬೇಡಿ, ಅದು ಡಿಸ್ಕ್‌ನ ದಿನನಿತ್ಯದ ಕೆಲಸ. ನೋಡಬೇಕಾದ್ದು ಬಲತುದಿಯ ಕಾಲಂ: ಸರಿಪಡಿಸಲಾಗದ ತಪ್ಪು. ಅದು ಸೊನ್ನೆ ಇರಬೇಕು. ‘ನಾನ್ ಮೀಡಿಯಂ ಎರರ್’ ಅನ್ನುವುದು ಬಹಳ ಸಲ ಕೇಬಲ್ ಅಥವಾ ಕಾರ್ಡ್‌ನ ಪಾಪ.

ಓಡಿದ ಗಂಟೆಗಳನ್ನು ಕಂಡು ಹೆದರುವವರು ಜಾಸ್ತಿ. ನನ್ನ ಒಂದು ಡಿಸ್ಕ್ 41,000 ಗಂಟೆ ಓಡಿದೆ, ಅಂದರೆ ನಾಲ್ಕೂವರೆ ವರ್ಷಕ್ಕೂ ಮೇಲೆ. ಆದರೆ ನಿಲ್ಲಿಸಿ ಶುರು ಮಾಡಿದ್ದು ಬರೀ 38 ಸಲ. ತಂಪು ಕೋಣೆಯಲ್ಲಿ ಒಂದೇ ಸಮನೆ ತಿರುಗಿದ ಡಿಸ್ಕ್ ಅದು, ಡಿಫೆಕ್ಟ್ ಸೊನ್ನೆ. ಇಂಥದ್ದನ್ನು ನಾನು ಕಣ್ಣುಮುಚ್ಚಿ ತೆಗೆದುಕೊಳ್ಳುತ್ತೇನೆ. ನನಗೆ ಅನುಮಾನ ಬರುವುದು ಗಂಟೆ ತೀರ ಕಮ್ಮಿ ಇದ್ದಾಗ. ವರದಿಯಲ್ಲಿ ಡಿಸ್ಕ್ ಯಾವ ವರ್ಷ, ಯಾವ ವಾರ ತಯಾರಾಯಿತು ಅಂತಲೂ ಇರುತ್ತದೆ. ಏಳು ವರ್ಷ ಹಳೆಯ ಡಿಸ್ಕ್ ಮುನ್ನೂರು ಗಂಟೆ ಮಾತ್ರ ಓಡಿದೆ ಅಂದರೆ ಯಾಕೆ ಅಂತ ಕೇಳಬೇಕಲ್ವಾ? 2025ರ ಶುರುವಿನಲ್ಲಿ ಬಳಸಿದ ಸೀಗೇಟ್ ಡಿಸ್ಕ್‌ಗಳ ಗಂಟೆ ಸೊನ್ನೆ ಮಾಡಿ ಹೊಸದು ಅಂತ ಮಾರಿದ ಸಂಗತಿ ಜರ್ಮನಿಯ ಹೈಸೆ ಸುದ್ದಿತಾಣದಿಂದ ಹೊರಬಿತ್ತು. ಸ್ಮಾರ್ಟ್ ಅಂಕಿ ಅಳಿಸಿದ್ದರೂ ಫಾರ್ಮ್ ಅನ್ನುವ ಇನ್ನೊಂದು ಲಾಗ್‌ನಲ್ಲಿ ನಿಜವಾದ ಗಂಟೆ ಉಳಿದಿತ್ತು. ಈ ವರದಿ ಓದುವ ಸ್ಮಾರ್ಟ್‌ಮಾನ್ ಟೂಲ್ಸ್‌ನ ಆವೃತ್ತಿ 7.4ರಿಂದ ಆ ಲಾಗ್ ನಾವೂ ಓದಬಹುದು. ಸೀಗೇಟ್ ಡಿಸ್ಕ್ ಕೊಂಡರೆ ಅದನ್ನು ನೋಡದೆ ಬಿಡಬೇಡಿ.

ಅಂಕಿ ಓದಿದ್ದು ಸಾಲದು, ಡಿಸ್ಕ್‌ಗೆ ಬೆವರು ಬರಿಸಬೇಕು. ಬ್ಯಾಡ್‌ಬ್ಲಾಕ್ಸ್ ಅನ್ನುವ ಕಮಾಂಡ್‌ನ ಬರೆಯುವ ಪರೀಕ್ಷೆ ನಾಲ್ಕು ಮಾದರಿಗಳನ್ನು ಡಿಸ್ಕ್ ತುಂಬ ಬರೆದು, ಪ್ರತಿಸಲ ಓದಿ ನೋಡುತ್ತದೆ. ಒಟ್ಟು ಎಂಟು ಸುತ್ತು. 4 ಟೆರಾಬೈಟ್ ಡಿಸ್ಕ್‌ಗೆ ಎರಡೂವರೆ ದಿನದ ಆಸುಪಾಸು. ಬ್ಲಾಕ್ ಗಾತ್ರ 4096 ಕೊಡಿ, ಇಲ್ಲದಿದ್ದರೆ ಇದಕ್ಕಿಂತ ದೊಡ್ಡ ಡಿಸ್ಕ್‌ಗಳಲ್ಲಿ ಡಿಸ್ಕ್ ದೊಡ್ಡದಾಯಿತು ಅಂತ ರಾಗ ತೆಗೆಯುತ್ತದೆ. ಎಲ್ಲವನ್ನೂ ಒಟ್ಟಿಗೆ ಓಡಿಸಿ. ಆಗ ಡಿಸ್ಕ್ ಜೊತೆ ಪವರ್ ಸಪ್ಲೈ, ಫ್ಯಾನ್, ಕೇಬಲ್, ಕಾರ್ಡ್ ಎಲ್ಲದರ ಪರೀಕ್ಷೆಯೂ ಆಗುತ್ತದೆ. ನನ್ನ ಹನ್ನೆರಡರಲ್ಲಿ ಒಂದರ ಡಿಫೆಕ್ಟ್ ಅಂಕಿ ಸೊನ್ನೆಯಿಂದ ಶುರುವಾಗಿ 212ಕ್ಕೆ ಏರಿತು. ಪರೀಕ್ಷೆ ಪಾಸೇ ಆಯಿತು, ಒಂದೂ ಕೆಟ್ಟ ಬ್ಲಾಕ್ ಇಲ್ಲ ಅಂತ ಕೊನೆಯ ಸಾಲು ಬಂತು. ಆದರೂ ಆ ಡಿಸ್ಕ್ ಇಟ್ಟುಕೊಳ್ಳಲಿಲ್ಲ. ಅಂಕಿ ಎಷ್ಟಿದೆ ಅನ್ನುವುದಕ್ಕಿಂತ ಏರುತ್ತಿದೆಯಾ ಅನ್ನುವುದೇ ಮುಖ್ಯ. ಮುಂಚೆ 20 ಇದ್ದು ಪರೀಕ್ಷೆಯ ಕೊನೆಗೂ 20 ಇದ್ದರೆ ಅದು ಹಳೆಯ ಗಾಯ. ಮಾರಿದವರಿಗೆ ಮುಂಚಿನ ವರದಿ, ಆಮೇಲಿನ ವರದಿ ಎರಡನ್ನೂ ಕಳಿಸಿದೆ. ತಕರಾರಿಲ್ಲದೆ ಬದಲಿ ಕೊಟ್ಟರು.

ಇನ್ನೊಂದು ಸಣ್ಣ ವಿಷಯ, ಬಹಳ ಜನರಿಗೆ ಗೊತ್ತಿಲ್ಲ. ಇಂಥ ಡಿಸ್ಕ್‌ಗಳಲ್ಲಿ ರೈಟ್ ಕ್ಯಾಶ್ (ಬರೆಯಬೇಕಾದ ಡೇಟಾ ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ಮೆಮೊರಿ) ಆಫ್ ಆಗಿರುವುದು ಮಾಮೂಲು. ಹೆಡ್‌ಗೆ ತನ್ನದೇ ಬ್ಯಾಟರಿ ಇದ್ದ ಮೆಮೊರಿ ಇರುತ್ತಿತ್ತು, ಡಿಸ್ಕ್‌ನ ಕ್ಯಾಶ್ ಬೇಕಿರಲಿಲ್ಲ. ನಮ್ಮ ಹತ್ತಿರ ಬಂದಾಗ ಬರೆಯುವ ವೇಗ ನೆಲಕಚ್ಚಿರುತ್ತದೆ, ಕಾರಣ ಹೊಳೆಯುವುದಿಲ್ಲ. ಎಸ್‌ಡಿಪಾರ್ಮ್ ಕಮಾಂಡ್‌ನಲ್ಲಿ ಡಬ್ಲ್ಯುಸಿಇ, ಅಂದರೆ ಆ ಕ್ಯಾಶ್, ಆನ್ ಮಾಡಿ, ಸೇವ್ ಆಯ್ಕೆಯನ್ನೂ ಕೊಡಿ. ನಾನು ಬಳಸುವ ಫೈಲ್ ಸಿಸ್ಟಮ್ ಝಡ್‌ಎಫ್‌ಎಸ್ ಬೇಕಾದಾಗ ಕ್ಯಾಶ್ ಖಾಲಿ ಮಾಡು ಅಂತ ತಾನೇ ಹೇಳುತ್ತದೆ, ಹಾಗಾಗಿ ಭಯವಿಲ್ಲ.

ಝಡ್‌ಎಫ್‌ಎಸ್ ಬಗ್ಗೆ ಉದ್ದ ಬರೆಯುವುದಿಲ್ಲ. ಸನ್ ಮೈಕ್ರೋಸಿಸ್ಟಮ್ಸ್ 2005ರಲ್ಲಿ ಇದರ ಕೋಡ್ ಬಿಟ್ಟುಕೊಟ್ಟಿತು. ಎಂಟೆಂಟು ಬೈಟ್ ಕದ್ದು ಹೆಡ್ ಮಾಡುತ್ತಿದ್ದ ಚೆಕ್‌ಸಮ್ ಕೆಲಸವನ್ನು ಇದು ಸಾಫ್ಟ್‌ವೇರ್‌ನಲ್ಲೇ ಮಾಡುತ್ತದೆ. ತಲೆ ಬಿಟ್ಟದ್ದಕ್ಕೆ ನಮಗೆ ಸಿಗುವ ಪರಿಹಾರ ಇದೇ. ಆರಾರು ಡಿಸ್ಕ್‌ನ ಎರಡು ಗುಂಪು, ಎರಡೂ ರೇಡ್-ಝಡ್2. ಒಂದೊಂದು ಗುಂಪಿನಲ್ಲಿ ಎರಡು ಡಿಸ್ಕ್ ಹೋದರೂ ಡೇಟಾ ಉಳಿಯುತ್ತದೆ. ಹಳೆಯ ಡಿಸ್ಕ್‌ಗೆ ಇದಕ್ಕಿಂತ ಕಮ್ಮಿ ರಕ್ಷಣೆ ಬೇಡ. ಎ-ಶಿಫ್ಟ್ 12 (ಅಂದರೆ 4,096 ಬೈಟ್‌ನ ತುಂಡು), ಡಿಸ್ಕ್‌ಗಳನ್ನು ಐಡಿ ಹೆಸರಿನಿಂದಲೇ ಸೇರಿಸುವುದು, ತಿಂಗಳಿಗೊಮ್ಮೆ ಸ್ಕ್ರಬ್ (ಡೇಟಾ ಎಲ್ಲ ಓದಿ ಚೆಕ್‌ಸಮ್ ತಾಳೆ ನೋಡುವುದು). ಬ್ಯಾಕಪ್ ಬೇರೆ ಕಡೆ ಇದೆ, ಅದು ಹೇಳಬೇಕಾಗಿಲ್ಲ.

ಶೆಲ್ಫ್‌ನಲ್ಲಿ ನನಗೆ ಬಹಳ ಇಷ್ಟವಾದದ್ದು ‘ಎಸ್‌ಜಿ ಎಸ್‌ಇಎಸ್’ ಕಮಾಂಡ್‌ಗೆ ಅದು ಕೊಡುವ ಉತ್ತರ. ಒಳಗಿನ ಬಿಸಿ, ಫ್ಯಾನ್‌ಗಳ ವೇಗ, ಸಪ್ಲೈಯ ವೋಲ್ಟೇಜ್ ಎಲ್ಲ ಬಿಡಿಸಿ ಹೇಳುತ್ತದೆ. ಇಂತಿಂಥ ಗೂಡಿನ ದೀಪ ಮಿನುಗಿಸು ಅಂದರೆ ಮಿನುಗಿಸುತ್ತದೆ. ಡಿಸ್ಕ್ ಬದಲಿಸುವಾಗ ಯಾವುದು ಎಳೆಯಬೇಕು ಅನ್ನುವ ಅನುಮಾನವೇ ಇಲ್ಲ. ಆದರೂ ನಾನು ದೀಪ ನೋಡಿ, ಟ್ರೇ ಮೇಲಿನ ಸೀರಿಯಲ್ ಚೀಟಿ ನೋಡಿ, ಆಮೇಲೆ ಎಳೆಯುತ್ತೇನೆ.

ಎರಡನೇ ಐಒಎಂ ಮಾಡ್ಯೂಲ್‌ಗೆ ಕೇಬಲ್ ಹಾಕಿಲ್ಲ. ಎರಡಕ್ಕೂ ಹಾಕಿದರೆ ಪ್ರತಿ ಡಿಸ್ಕ್ ಎರಡೆರಡು ಸಲ ಕಾಣುತ್ತದೆ, ಎರಡೂ ದಾರಿ ಒಂದೇ ಡಿಸ್ಕ್‌ಗೆ ಅಂತ ತಿಳಿಸುವ ಮಲ್ಟಿಪಾತ್ ಹೊಂದಿಸಬೇಕು. ಒಂದೇ ಯಂತ್ರಕ್ಕೆ ಆ ಸರ್ಕಸ್ ಯಾಕೆ ಅನಿಸಿತು. ಹಾಗಂತ ಹೊರಗೆ ತೆಗೆದಿಲ್ಲ, ಗಾಳಿಯ ದಾರಿ ಕೆಡುತ್ತದೆ. ಸ್ಯಾಸ್ ಡಿಸ್ಕ್‌ಗೆ ಎರಡು ಪೋರ್ಟ್ ಇರುವುದರಿಂದ ಮೊದಲ ಮಾಡ್ಯೂಲ್ ಕೈಕೊಟ್ಟ ದಿನ ಕೇಬಲ್ ಕಿತ್ತು ಇದರ ಚೌಕಕ್ಕೆ ಸಿಕ್ಕಿಸಿದರೆ ಆಯಿತು. ಸಾಟಾ ಡಿಸ್ಕ್ ಹಾಕುವವರು ಮಾತ್ರ ಇದನ್ನು ನಂಬಿ ಕೂರಬೇಡಿ. ಅದಕ್ಕೆ ಇರುವುದು ಒಂದೇ ಪೋರ್ಟ್. ಟ್ರೇಯಲ್ಲಿ ಇಂಟರ್‌ಪೋಸರ್ ಅನ್ನುವ ಸಣ್ಣ ಬೋರ್ಡ್ ಇದ್ದರೆ ಮಾತ್ರ ಎರಡೂ ಮಾಡ್ಯೂಲ್‌ಗೆ ಕಾಣುತ್ತದೆ. ಕೊಳ್ಳುವಾಗ ಟ್ರೇ ಜೊತೆ ಆ ಬೋರ್ಡ್ ಇದೆಯಾ ಅಂತ ಕೇಳಿ ನೋಡಿ.